ನಲವತ್ತರಲ್ಲಿ ಮುರಿಯಬೇಕಿದ್ದ ಗೆರೆ

ಮಣಿಪಾಲದ ಗುಡ್ಡದ ಮೇಲಿನ ಒಂದು ಕಾಲೇಜಿನಲ್ಲಿ ನಾನು ಲ್ಯಾಬ್ ಮೆಕ್ಯಾನಿಕ್ ಆಗಿದ್ದೆ. ಎಪ್ಪತ್ತರ ದಶಕದ ಕೊನೆಗೆ ಸೇರಿದವನು ನಿವೃತ್ತನಾಗುವವರೆಗೂ ಒಂದೇ ಕೋಣೆಯಲ್ಲಿ ಇದ್ದೆ. ಈಗ ಅದೇ ಕೋಣೆಗೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಕಾಪುವಿನ ನನ್ನ ಮನೆಗೆ ಬಂದು, "ಸಂಜೀವಣ್ಣ, ನಿಮ್ಮ ಅನುಭವ ಸ್ವಲ್ಪ ಬರೆದು ಕೊಡಿ" ಎಂದು ಕೇಳಿದರು. ಪ್ರಮೋಶನ್ನಿನ ಬಗ್ಗೆ ಬರೆಯಲಿಕ್ಕೆ ಹೆಚ್ಚೇನಿಲ್ಲ. ಒಂದು ಸಿಕ್ಕಿತ್ತು. ಅದರಿಂದ ಹುದ್ದೆಯ ಹೆಸರು ಉದ್ದವಾಯಿತು, ಕೆಲಸ ಅಷ್ಟೇ ಇತ್ತು. ಆದ್ದರಿಂದ ನಾನು ಕೆಡಿಸಿದ ಕೆಲಸಗಳನ್ನು ಬರೆಯುತ್ತೇನೆ. ಆ ವಿಷಯದಲ್ಲಿ ನನಗೆ ಅನುಭವ ಜಾಸ್ತಿ.

ನಮ್ಮದು ಶಾಖದ ಪ್ರಯೋಗಾಲಯ. ಅಲ್ಲಿ ಪ್ರೊಫೆಸರರು ಯೋಚಿಸುತ್ತಾರೆ, ಸಂಶೋಧನೆ ಮಾಡುವವರು ಚಿಂತೆ ಮಾಡುತ್ತಾರೆ, ಮೆಕ್ಯಾನಿಕ್ ನೀರು ಸೋರುವುದನ್ನು ನಿಲ್ಲಿಸುತ್ತಾನೆ. ಮೂವತ್ತು ವರ್ಷಗಳಲ್ಲಿ ನಾನು ನಿಲ್ಲಿಸಿದ ಸೋರಿಕೆಗಳನ್ನು ಯಾರೂ ಪುಸ್ತಕದಲ್ಲಿ ಬರೆದಿಲ್ಲ. ಅದಕ್ಕೆ ಬೇಸರವಿಲ್ಲ. ಸೋರದೆ ಇರುವ ಜಾಗವನ್ನು ಯಾರಾದರೂ ಯಾಕೆ ನೋಡಬೇಕು?

ನನ್ನ ಮೇಲಿನವರು ಪ್ರೊಫೆಸರ್ ದೇಸಾಯಿ, ಧಾರವಾಡದ ಕಡೆಯವರು. ಎತ್ತರದ ಆಳು, ಬಿಳಿ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಕರಾವಳಿಯ ಬೆವರಿಗೂ ನಮ್ಮ ಕುಚ್ಚಲಕ್ಕಿಗೂ ಅವರು ಕೊನೆಯವರೆಗೆ ಒಗ್ಗಲಿಲ್ಲ. ಗಣಿತದಲ್ಲಿ ಬಹಳ ಗಟ್ಟಿ ಎಂದು ಎಲ್ಲರೂ ಹೇಳುತ್ತಿದ್ದರು. ನನಗೆ ಗೊತ್ತಾದದ್ದು ಇಷ್ಟು: ಅವರು ಕಪ್ಪು ಹಲಗೆಯನ್ನು ಎರಡು ಸಲ ತುಂಬಿಸಿ ಒರೆಸಿದ ಮೇಲೆ ನನಗೆ ಒಂದು ಪೆಟ್ಟಿಗೆ ಮಾಡಲು ಹೇಳುತ್ತಿದ್ದರು.

ಪೆಟ್ಟಿಗೆಯ ವಿಷಯ ಕಷ್ಟದ್ದಲ್ಲ. ಕೆಳಗೊಂದು ತಾಮ್ರದ ಹಲಗೆ, ಮೇಲೊಂದು. ನಡುವೆ ಒಂದು ಗೇಣು ದಪ್ಪಕ್ಕೆ ನೀರಿನಲ್ಲಿ ನೆನೆದ ಮರಳು ಅಥವಾ ಅಂಥದೇ ಸಣ್ಣ ಕಾಳು. ಕೆಳಗಿನ ಹಲಗೆಯನ್ನು ಬಿಸಿ ಮಾಡಬೇಕು, ಮೇಲಿನದನ್ನು ತಣ್ಣಗೆ ಇಡಬೇಕು. ಬಿಸಿ ಸ್ವಲ್ಪವೇ ಇದ್ದರೆ ಒಳಗಿನ ನೀರು ಅಲುಗಾಡುವುದಿಲ್ಲ. ಶಾಖ ಮಾತ್ರ ಕಾಳಿನಿಂದ ಕಾಳಿಗೆ ದಾಟಿ ಮೇಲೆ ಬರುತ್ತದೆ. ಬಿಸಿ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ತಳದ ನೀರು ಹಗುರವಾಗಿ, ಇನ್ನು ಇಲ್ಲಿ ಕೂರಲಾಗುವುದಿಲ್ಲ ಎಂಬಂತೆ ಎದ್ದು ಮರಳಿನ ಸಂದಿಗಳಲ್ಲೇ ಮೇಲೆ ಹೋಗುತ್ತದೆ. ಮೇಲಿನ ತಣ್ಣೀರು ಕೆಳಗೆ ಇಳಿಯುತ್ತದೆ. ಪೆಟ್ಟಿಗೆಯ ಒಳಗೆಲ್ಲ ತಿರುಗಾಟ ಶುರು. ಹೊರಗಿನಿಂದ ನೋಡಿದರೆ ಮಾತ್ರ ಒಂದು ಪೆಟ್ಟಿಗೆ, ಅದರ ಪಕ್ಕದಲ್ಲಿ ಒಬ್ಬ ಮನುಷ್ಯ.

ನೀರು ಎದ್ದಿತೆಂದು ತಿಳಿಯುವುದು ಗ್ರಾಫ್ ಕಾಗದದಲ್ಲಿ. ಕೊಟ್ಟ ಬಿಸಿ ಎಷ್ಟು, ಎರಡು ಹಲಗೆಗಳ ನಡುವಿನ ತಾಪದ ವ್ಯತ್ಯಾಸ ಎಷ್ಟು ಎಂದು ದಿನಕ್ಕೊಂದು ಚುಕ್ಕೆ ಇಡಬೇಕು. ಒಂದು ಚುಕ್ಕೆಗೆ ಒಂದು ದಿನ ಬೇಕು, ಮರಳಿಗೆ ಅವಸರವಿಲ್ಲ. ಚುಕ್ಕೆಗಳು ನೇರ ಗೆರೆಯಲ್ಲಿ ಹೋಗುತ್ತಾ ಹೋಗುತ್ತಾ ಒಂದು ಕಡೆ ಗೆರೆ ಮುರಿದು ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ನೀರು ಎದ್ದಿತು ಎಂದು ಅರ್ಥ. ಪದರದ ದಪ್ಪ, ಬಿಸಿಯ ವ್ಯತ್ಯಾಸ, ಮರಳಿನ ಸಂದಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಆ ಜಾಗಕ್ಕೆ ಒಂದು ಸಂಖ್ಯೆ ಬರುತ್ತದೆ. ಗಣಿತದ ಪ್ರಕಾರ ಅದು ಮೂವತ್ತೊಂಬತ್ತೂವರೆ. ನಾವು ನಲವತ್ತು ಎನ್ನುತ್ತಿದ್ದೆವು. ಆ ನಲವತ್ತನ್ನು ನಮ್ಮ ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣಿಸುವುದು ನನ್ನ ನೌಕರಿಯ ಮೊದಲ ವರ್ಷಗಳ ಕೆಲಸ.

ಮೊದಲ ತೊಂದರೆ ಕಾಳುಗಳದ್ದು. ಎಲ್ಲವೂ ಒಂದೇ ಗಾತ್ರದಲ್ಲಿ ದುಂಡಗಿರಬೇಕೆಂದು ದೇಸಾಯಿಯವರು ಹೇಳಿದರು. ಗಾಜಿನ ಗುಂಡುಗಳಿಗೆ ಸ್ಟೋರಿಗೆ ಬರೆದು ಕೊಟ್ಟೆವು. ಸ್ಟೋರಿನವರು ಎರಡು ವರ್ಷದ ನಂತರ ಗುಂಡು ತರಿಸಿಕೊಟ್ಟರು, ಆದರೆ ಅದು ಸೈಕಲ್ಲಿನ ಬೇರಿಂಗಿನ ಉಕ್ಕಿನ ಗುಂಡು. ಅಷ್ಟರವರೆಗೆ ಕಾಯದೆ ನಾನೇ ಒಂದು ಉಪಾಯ ಹೇಳಿದೆ: ಸಾಬಕ್ಕಿ. ದುಂಡಗಿರುತ್ತದೆ, ಒಂದೇ ಗಾತ್ರ, ಉಡುಪಿಯಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ತುಂಬಿಸಿ ಬಿಸಿ ಮಾಡಿದೆವು. ಏನಾಯಿತೆಂದು ಅಡುಗೆ ಗೊತ್ತಿರುವ ಯಾರಾದರೂ ಹೇಳಬಲ್ಲರು. ತಾಮ್ರದ ಹಲಗೆಯಿಂದ ಅಂಟು ಕೆರೆಯಲು ನನಗೆ ಎರಡು ದಿನ ಹಿಡಿಯಿತು. ದೇಸಾಯಿಯವರು ಬಂದು ನೋಡಿ, "ಬೆಲ್ಲಾ ಹಾಕೂದು ಮರ್ತಿ ಏನೋ ಸಂಜೀವ?" ಎಂದು ಕೇಳಿ ಹೋದರು.

ಆಮೇಲೆ ಸಾಸಿವೆ. ಅದು ಬೇಯುವುದಿಲ್ಲ ಎಂಬ ಧೈರ್ಯ ನನಗಿತ್ತು. ಒದ್ದೆ ಮಾಡಿ ಮುಚ್ಚಳ ತೆರೆದಿಟ್ಟು ಎರಡು ದಿನ ರಜೆಯಲ್ಲಿ ಹೋದೆ. ವಾಪಸು ಬರುವಾಗ ಮೇಲಿನ ಪದರದಲ್ಲಿ ಹಸಿರು ಮೊಳಕೆ ಬಂದಿತ್ತು. ದೇಸಾಯಿಯವರು ಬಹಳ ಹೊತ್ತು ಬಗ್ಗಿ ನೋಡಿದರು. "ಇದು ಕೃಷಿ ಕಾಲೇಜ್ ಅಲ್ಲೋ," ಎಂದರು. ಬೈಯಲಿಲ್ಲ. ಅವರು ಬೈಯಬಲ್ಲವರು ಎಂದು ನನಗೆ ತಿಳಿದದ್ದು ಬಹಳ ಮುಂದೆ.

ಎಂಬತ್ತರ ದಶಕದ ಶುರುವಿಗೆ ಹಿಲ್ಡಾ ಮೇಡಂ ಬಂದರು. ಕಾರ್ಕಳದ ಕಡೆಯ ಕೊಂಕಣಿ ಮನೆಯವರು, ಕಾಲೇಜಿನಲ್ಲಿ ತಾತ್ಕಾಲಿಕ ಲೆಕ್ಚರರ್. ವರ್ಷಕ್ಕೊಮ್ಮೆ ನೌಕರಿ ಮುಂದುವರಿಸಬೇಕು, ಅದಕ್ಕೆ ದೇಸಾಯಿಯವರ ಸಹಿ ಬೇಕು. ಡಾಕ್ಟರೇಟ್ ಆದರೆ ಕಾಯಂ ಆಗುತ್ತದೆ ಎಂದು ಹೇಳಿದ್ದರು. ಆ ಡಾಕ್ಟರೇಟಿಗೆ ಕೊಟ್ಟ ವಿಷಯ ನಮ್ಮ ಪೆಟ್ಟಿಗೆ. ಮನೆಯಲ್ಲಿ ಮದುವೆಯ ಮಾತು ಬಂದಾಗಲೆಲ್ಲ ಅವರು, "ಗೆರೆ ಮುರಿದ ಮೇಲೆ" ಎನ್ನುತ್ತಿದ್ದರಂತೆ. ಅವರ ತಾಯಿಗೆ ಅದು ಎಂತದ್ದೆಂದು ಗೊತ್ತಾಗಲಿಲ್ಲ, ಆದರೂ ಆ ಗೆರೆಗಾಗಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದರು.

ಮೇಡಂ ಕೆಲಸದಲ್ಲಿ ಶುದ್ಧ. ತಾಪ ಅಳೆಯುವ ತಂತಿಗಳ ಬೆಸುಗೆಯನ್ನು ನಾನು ಮಾಡಿದ ಮೇಲೆ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಆಗ ಈಗಿನ ಹಾಗೆ ಅಂಕಿ ತೋರಿಸುವ ಡಬ್ಬ ಇರಲಿಲ್ಲ. ಒಂದು ಮುಳ್ಳು ಸೊನ್ನೆಗೆ ಬರುವವರೆಗೆ ಗುಂಡಿ ತಿರುಗಿಸಬೇಕು, ಹನ್ನೆರಡು ತಂತಿಗೆ ಹನ್ನೆರಡು ಸಲ. ನಾನು ಓದಿ ಹೇಳುವುದು, ಅವರು ಬರೆಯುವುದು. ಏಳೋ ಎಂಟೋ ಎಂಬಲ್ಲಿ ನಾನು ಎಂಟು ಎಂದರೆ ತಲೆ ಎತ್ತಿ, "ಇನ್ನೊಮ್ಮೆ ನೋಡಿ ಸಂಜೀವಣ್ಣ," ಎನ್ನುತ್ತಿದ್ದರು. ಹೆಚ್ಚಾಗಿ ಏಳೇ ಇರುತ್ತಿತ್ತು.

ಮರಳು ಹಾಕೋಣ ಎಂದವರು ಅವರೇ. ಎಲ್ಲಿಯದು ಎಂದಾಗ, ಕಾಪುವಿನದು ಎಂದೆ ನಾನು. ನಮ್ಮ ದೀಪಸ್ತಂಭದ ಬಂಡೆಗಳ ಬುಡದಲ್ಲಿ ಬನ್ಸಿ ರವೆಯಷ್ಟು ದಪ್ಪದ ಮರಳು ಒಂದು ಕಡೆ ಬಿದ್ದಿರುತ್ತದೆ. ಸಮುದ್ರವೇ ಜರಡಿ ಹಿಡಿದು ಇಟ್ಟದ್ದು. ತಂದು ತೋರಿಸಿದೆ. ದೇಸಾಯಿಯವರು ಅಂಗೈಯಲ್ಲಿ ಹರಡಿ, "ಭಾಳ ಛಲೋ ಅದ," ಎಂದರು. ಉಪ್ಪು ಪೂರ್ತಿ ಹೋಗುವ ಹಾಗೆ ತೊಳೆಯಬೇಕು, ಅಷ್ಟೆ.

ಅದು ಏಪ್ರಿಲ್ ಕೊನೆ. ಮಣಿಪಾಲದ ಗುಡ್ಡದಲ್ಲಿ ಆ ತಿಂಗಳು ನಳ್ಳಿಯಲ್ಲಿ ಗಾಳಿ ಬರುತ್ತದೆ, ನೀರು ಬರುವುದಿಲ್ಲ. ಮನೆಯಲ್ಲೇ ತೊಳೆದು ತರುತ್ತೇನೆ ಎಂದೆ.

"ನಿಮ್ಮ ಬಾವಿ ನೀರು ಒಳ್ಳೆಯದು ಉಂಟಲ್ವಾ?" ಮೇಡಂ ಕೇಳಿದರು.

"ನಾವು ಗಂಜಿ ಬೇಯಿಸುವ ನೀರೇ ಮೇಡಂ."

ಅವರಿಗೆ ಸಮಾಧಾನವಾಯಿತು. ನಾನು ಸುಳ್ಳು ಹೇಳಿರಲಿಲ್ಲ. ಅಂಗಳದಲ್ಲಿ ಮರಳು ಸುರಿದು ಏಳು ಸಲ ತೊಳೆದೆ. ಸೊಂಟ ಹಿಡಿದುಕೊಂಡಿತು. ಒಣಗಿಸಿದರೆ ಮತ್ತೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆಂದು ತೊಳೆದ ನೀರಿನಲ್ಲೇ ಮುಳುಗಿಸಿ ಎರಡು ಟಿನ್ನುಗಳಲ್ಲಿ ತುಂಬಿಸಿ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಮುಚ್ಚಳ ತೆಗೆದು ನೋಡಿ, "ಮೀನು ಅಂತ ತಿಳಿದೆ. ಇದು ಎಂತ ಮಾರಾಯ, ಮಣಿಪಾಲದಲ್ಲಿ ಮಣ್ಣು ಇಲ್ವಾ?" ಎಂದ. ಸಂಶೋಧನೆಗೆ ಎಂದೆ. ಉಡುಪಿ ಬರುವವರೆಗೆ ಅವನು ನನ್ನನ್ನು ಆಗಾಗ ತಿರುಗಿ ನೋಡುತ್ತಿದ್ದ.

ಲ್ಯಾಬಿಗೆ ಬಂದು, ಮರಳನ್ನು ಅದರ ನೀರಿನೊಂದಿಗೇ ಸೌಟಿನಲ್ಲಿ ಪೆಟ್ಟಿಗೆಗೆ ಇಳಿಸಿದೆ. ಟಿನ್ನಿನ ನೀರು ಪೆಟ್ಟಿಗೆಯ ಅರ್ಧದವರೆಗೆ ಬಂತು. ಉಳಿದ ಅರ್ಧಕ್ಕೆ ಬ್ಯಾಟರಿ ಅಂಗಡಿಯಿಂದ ತಂದ ಬಟ್ಟಿ ಇಳಿಸಿದ ನೀರನ್ನು ಗುಳ್ಳೆ ಬಾರದ ಹಾಗೆ ಮೆಲ್ಲನೆ ಸುರಿದೆ. ಚೆನ್ನಾಗಿ ಕೂತಿತು. ರಿಜಿಸ್ಟರಿನಲ್ಲಿ, "ಏಳು ಸಲ ಸಿಹಿನೀರಿನಲ್ಲಿ ತೊಳೆಯಲಾಗಿದೆ" ಎಂದು ಬರೆದು ಸಹಿ ಹಾಕಿದೆ. ಹೊಸಬರಿಗೆ ಒಂದು ಮಾತು: ರಿಜಿಸ್ಟರಿನಲ್ಲಿ ಮಾಡಿದ್ದನ್ನು ಬರೆಯಿರಿ, ಮಾಡಬೇಕಾದ್ದನ್ನು ಬರೆಯಬೇಡಿ. ನಾನು ಬಾವಿಯ ನೀರು ಎಂದು ಬರೆದಿದ್ದರೆ ಯಾರಾದರೂ ಯಾವ ಬಾವಿ ಎಂದು ಕೇಳುತ್ತಿದ್ದರು.

ಆ ಸಲ ಪೆಟ್ಟಿಗೆ ಸೋರಲಿಲ್ಲ. ಚುಕ್ಕೆಗಳು ಸಾಲಾಗಿ ಬಂದವು. ನಲವತ್ತು ಬಂತು, ಗೆರೆ ಮುರಿಯಲಿಲ್ಲ. ನಲವತ್ತೈದು, ಐವತ್ತು, ಗೆರೆ ನೆಟ್ಟಗೆ ಹೋಯಿತು. ಐವತ್ತೈದು ದಾಟುವಾಗ ಮುರಿಯಿತು. ಮೇಡಂ ನಂಬಲಿಲ್ಲ. ತಣ್ಣಗಾಗಿಸಿ ಮೊದಲಿನಿಂದ ಮಾಡಿದೆವು. ಮತ್ತೆ ಐವತ್ತೈದರ ಆಸುಪಾಸು. ತಂತಿಗಳನ್ನು ಬದಲಿಸಿದೆವು, ಹೀಟರ್ ಬದಲಿಸಿದೆವು. ಸಂಖ್ಯೆ ಬದಲಾಗಲಿಲ್ಲ.

ನಂಬಿದವರು ದೇಸಾಯಿಯವರು. ಸಮುದ್ರದ ಮರಳಿನ ಕಾಳುಗಳ ಆಕಾರವೇ ಬೇರೆ, ಆದ್ದರಿಂದ ನೀರು ತಡವಾಗಿ ಏಳುತ್ತದೆ ಎಂದು ಅವರಿಗೆ ಹೊಳೆಯಿತು. ಆ ಮಳೆಗಾಲ ಇಡೀ ಹಲಗೆ ತುಂಬಿಸಿ ಒರೆಸಿ ನಲವತ್ತು ಪುಟದ ಗಣಿತ ಬರೆದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮೊದಲು ನೋಡಿರಲಿಲ್ಲ. ಕುಚ್ಚಲಕ್ಕಿ ಊಟವನ್ನೂ ಹೊಗಳಿದರು. ಲೇಖನ ವಿದೇಶದ ಪತ್ರಿಕೆಗೆ ಹೋಯಿತು, ಪತ್ರಿಕೆಯವರು ಒಪ್ಪಿದರು. ಹಿಲ್ಡಾ ಮೇಡಂ ಪ್ರಬಂಧವನ್ನು ಅದರ ಮೇಲೆ ಕಟ್ಟಿದರು. ಟೈಪ್ ಆಗುತ್ತಿತ್ತು.

ಮುಂದಿನ ಮೇ ತಿಂಗಳಲ್ಲಿ, ಪ್ರಬಂಧ ಒಪ್ಪಿಸುವ ಮೊದಲು ಇನ್ನೊಂದು ಸಲ ಹೊಸ ಮರಳಿನಲ್ಲಿ ಮಾಡಿ ನೋಡಬೇಕೆಂದು ಮೇಡಂ ಹಟ ಹಿಡಿದರು. ದೇಸಾಯಿಯವರು ಬೇಡವೆಂದರು. ಮೇಡಂ ರಜೆಯ ದಿನ ತಾವೇ ಕಾಪುವಿಗೆ ಬಂದರು. ಬಂಡೆಯ ಬುಡದಿಂದ ಮರಳು ತಂದು ಅಂಗಳದಲ್ಲಿ ಇಡುವಾಗ ಮಧ್ಯಾಹ್ನವಾಯಿತು. ನನ್ನ ಹೆಂಡತಿ ಗಿರಿಜಾ, "ಹಾಗೇ ಹೋಗ್ಲಿಕ್ಕೆ ಇಲ್ಲ ಟೀಚರ್, ಒಂದು ಗಂಜಿ ಊಟ ಮಾಡಿ," ಎಂದು ಕೂರಿಸಿದಳು.

ಮೇಡಂ ಎರಡು ತುತ್ತು ತಿಂದು, "ಉಪ್ಪು ಸರಿ ಹಾಕಿದ್ದೀರಿ. ನಮ್ಮ ಮನೆಯಲ್ಲಿ ಅಮ್ಮ ಯಾವಾಗಲೂ ಮರೀತಾರೆ," ಎಂದರು.

"ಉಪ್ಪು ಎಲ್ಲಿ ಹಾಕಿದೆ ಟೀಚರ್," ಎಂದಳು ಗಿರಿಜಾ. "ಬೇಸಗೆಯಲ್ಲಿ, ವಿಷು ಹಬ್ಬದ ನಂತರ ಗಂಜಿಗೆ ನಾವು ಉಪ್ಪು ಹಾಕ್ಲಿಕ್ಕೆ ಇಲ್ಲ. ಬಾವಿಗೇ ಬರ್ತದೆ. ಮಳೆ ಬಂದ ಮೇಲೆ ಹಾಕಿದ್ರಾಯ್ತು. ಈ ಕಡಲ ಕರೆಯಲ್ಲಿ ಎಲ್ಲ ಮನೆಯಲ್ಲಿಯೂ ಹಾಗೆಯೇ."

ಮೇಡಂ ಚಮಚ ಕೆಳಗಿಟ್ಟರು. ನಾನು ಹುಟ್ಟಿದಂದಿನಿಂದ ಪ್ರತಿ ಬೇಸಗೆಯಲ್ಲಿ ಆ ಗಂಜಿ ಉಂಡವನು. ಸಮುದ್ರದಿಂದ ಕೂಗಳತೆಯಲ್ಲಿರುವ ಬಾವಿಯಲ್ಲಿ ನೀರು ಇಳಿದಾಗ ಉಪ್ಪು ಹತ್ತುವುದು ನಮಗೆ ಹೇಳುವ ವಿಷಯವೇ ಅಲ್ಲ. ಸಮುದ್ರದ್ದು ಉಪ್ಪುನೀರು, ಬಾವಿಯದು ಸಿಹಿನೀರು, ಅಷ್ಟೆ ನಮ್ಮ ಲೆಕ್ಕ.

"ಹೋದ ವರ್ಷ ಮರಳು ತೊಳೆದದ್ದು ಏಪ್ರಿಲ್‌ನಲ್ಲಿ ಅಲ್ವಾ ಸಂಜೀವಣ್ಣ?"

ಹೌದು ಎಂದೆ. ಅವರು ಬಟ್ಟಲಿನಲ್ಲಿ ಇದ್ದದ್ದನ್ನು ಪೂರ್ತಿ ಉಂಡರು. ಗಿರಿಜಾಳಿಗೆ ಬೇಸರವಾಗಬಾರದೆಂದು ಇರಬೇಕು.

ಮರುದಿನ ಅವರು ರಸಾಯನ ವಿಭಾಗದಿಂದ ಒಂದು ಬಾಟಲಿ ತಂದರು, ಒಂದು ತೊಟ್ಟು ಹಾಕಿದರೆ ಉಪ್ಪಿರುವ ನೀರು ಬೆಳ್ಳಗಾಗುತ್ತದೆ. ಪೆಟ್ಟಿಗೆಯ ಮೇಲಿನ ತೂತಿನಿಂದ ಒಂದು ಲೋಟಕ್ಕೆ ತೆಗೆದ ನೀರು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಕೆಳಗಿನ ನಳ್ಳಿಯದು ಇನ್ನೊಂದು ಲೋಟದಲ್ಲಿ ಮಜ್ಜಿಗೆಯಂತಾಯಿತು. ತಳದಲ್ಲಿ ಉಪ್ಪಿನ ಭಾರದ ನೀರು, ಮೇಲೆ ಬಟ್ಟಿ ಇಳಿಸಿದ ಹಗುರದ ನೀರು. ಮರಳಿನೊಳಗೆ ಉಪ್ಪು ಮೇಲೇರಲು ವರ್ಷ ಸಾಲದು. ಗೆರೆ ಮುರಿದ ಕೂಡಲೇ ನಾವು ಬಿಸಿ ನಿಲ್ಲಿಸುತ್ತಿದ್ದುದರಿಂದ ತಿರುಗಾಟದಲ್ಲೂ ಅದು ಪೂರ್ತಿ ಬೆರೆತಿರಲಿಲ್ಲ. ಬಿಸಿಯಾದ ನೀರು ಏಳಬೇಕೆಂದರೂ ಉಪ್ಪು ಅದನ್ನು ಹಿಡಿದು ಕೂರಿಸಿತ್ತು. ಕಾಳಿನ ಆಕಾರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ದೇಸಾಯಿಯವರ ನಲವತ್ತು ಪುಟಗಳು ವಿವರಿಸಿದ್ದು ನನ್ನ ಮನೆಯ ಬಾವಿಯನ್ನು, ಉಪ್ಪು ಎಂಬ ಶಬ್ದ ಎಲ್ಲಿಯೂ ಬಾರದ ಹಾಗೆ.

ಇದನ್ನೇ ಹೊಸ ಶೋಧ ಎಂದು ಬರೆಯಬಹುದಲ್ಲ ಎಂದು ನಾನು ಮೆಲ್ಲನೆ ಕೇಳಿದೆ. ಉಪ್ಪು ಮತ್ತು ಬಿಸಿ ಒಟ್ಟಿಗಿದ್ದರೆ ಏನಾಗುತ್ತದೆಂದು ಹೊರದೇಶದವರು ಯಾವಾಗಲೋ ಮಾಡಿ ಮುಗಿಸಿದ್ದಾರೆ ಎಂದರು ಮೇಡಂ. ಇನ್ನೊಂದು ಮಾತು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೂ ಗೊತ್ತಿತ್ತು: ಆ ಬಾಟಲಿಯನ್ನು ವಾಪಸು ಕೊಟ್ಟು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವರು ಎರಡು ಲೋಟಗಳನ್ನೂ ಹಿಡಿದು ದೇಸಾಯಿಯವರ ಕೋಣೆಗೆ ಹೋದರು. ನನ್ನನ್ನೂ ಕರೆದರು.

ದೇಸಾಯಿಯವರು ಬೆಳ್ಳಗಿನ ಲೋಟವನ್ನು ನೋಡಿದರು. ಒಪ್ಪಿದ ಲೇಖನವನ್ನು ಈಗ ತಪ್ಪು ಎಂದು ಬರೆದು ವಾಪಸು ಪಡೆಯಬೇಕು. "ಮರಳು ತೊಳದವರು ಯಾರು?" ಎಂದು ಕೇಳಿದರು.

"ನಾನೇ ಸರ್," ಎಂದರು ಹಿಲ್ಡಾ ಮೇಡಂ.

ನಾನು ಬಾಗಿಲ ಹತ್ತಿರ ಇದ್ದೆ. ಕೈಯಲ್ಲಿ ಸ್ಪ್ಯಾನರ್ ಇತ್ತು. ನನ್ನ ನೌಕರಿ ಆ ಜೂನ್‌ನಲ್ಲಿ ಕಾಯಂ ಆಗಬೇಕಿತ್ತು, ಆ ಕಾಗದಕ್ಕೂ ಇವರದೇ ಸಹಿ. ಗಂಟಲವರೆಗೆ ಮಾತು ಬಂದಿತ್ತು ಎಂದು ಬರೆದರೆ ಚಂದ ಕಾಣುತ್ತದೆ. ಬಂದಿರಲಿಲ್ಲ. ನನ್ನ ತಲೆಗೆ ಬಂದದ್ದು, ಸದ್ಯ, ಅವರು ಹೇಳಿಬಿಟ್ಟರು ಎಂಬುದು.

"ಸಮುದ್ರದ ಮರಳು ತೊಳೀಲಿಕ್ಕೆ ಬರೂದಿಲ್ಲ, ನಿಮಗ ಡಾಕ್ಟರೇಟ್ ಬೇಕೇನ್ರೀ?" ಎಂದರು ದೇಸಾಯಿಯವರು. ಅದರ ನಂತರ ಅವರು ಹೇಳಿದ್ದನ್ನು ನಾನು ಬರೆಯುವುದಿಲ್ಲ. ಒಬ್ಬ ಮೇಲಧಿಕಾರಿ ಒಬ್ಬ ಹೆಂಗಸಿಗೆ ಆಡುವ ಮಾತಲ್ಲ ಅದು. ನಾಲ್ಕು ಹೆಜ್ಜೆ ಆಚೆ ಲ್ಯಾಬಿನ ಕಪಾಟಿನಲ್ಲಿ ನನ್ನ ಸಹಿ ಇದ್ದ ರಿಜಿಸ್ಟರ್ ಇತ್ತು. ಅವರು ತೆಗೆದು ನೋಡಲಿಲ್ಲ. ನಾನು ತೆಗೆದು ಕೊಡಲಿಲ್ಲ.

ಆಮೇಲಿನ ದಿನಗಳಲ್ಲಿ ಮೇಡಂ ಪ್ರತಿದಿನ ಲ್ಯಾಬಿಗೆ ಬಂದು ತಮ್ಮ ಕಾಗದಗಳನ್ನು ಜೋಡಿಸಿ ಕಟ್ಟಿದರು. ನನ್ನೊಡನೆ ಮೊದಲಿನ ಹಾಗೆಯೇ ಮಾತಾಡಿದರು. ದೇಸಾಯಿಯವರು ಅವರ ನೌಕರಿ ಮುಂದುವರಿಸುವ ಕಾಗದಕ್ಕೆ ಸಹಿ ಹಾಕಲಿಲ್ಲ. ಒಂದು ಬೆಳಿಗ್ಗೆ ಅವರ ಮೇಜು ಖಾಲಿ ಇತ್ತು. ಜೂನ್‌ನಲ್ಲಿ ನಾನು ಕಾಯಂ ಆದೆ. ಗಿರಿಜಾ ಪಾಯಸ ಮಾಡಿದಳು. ನನಗೆ ಇಳಿಯಲಿಲ್ಲ, ಜ್ವರ ಎಂದೆ.

ಜುಲೈಯಲ್ಲಿ ಯಾರೂ ಹೇಳದೆಯೇ ಪೆಟ್ಟಿಗೆ ಖಾಲಿ ಮಾಡಿದೆ. ಮರಳನ್ನು ಕಾಲೇಜಿನ ಹಂಚಿನ ಮಾಡಿನಿಂದ ಬೀಳುವ ಮಳೆನೀರಿನಲ್ಲಿ, ಬಾಟಲಿಯ ತೊಟ್ಟು ಹಾಕಿದರೂ ತಿಳಿಯಾಗಿ ಉಳಿಯುವವರೆಗೆ ತೊಳೆದೆ. ಹದಿನೇಳು ಸಲ. ರಿಜಿಸ್ಟರಿನಲ್ಲಿ ಹಾಗೆಯೇ ಬರೆದೆ. ಹನ್ನೆರಡು ತಂತಿಗಳನ್ನು ನಾನೇ ಓದಿ ನಾನೇ ಬರೆದುಕೊಂಡೆ. ಏಳೋ ಎಂಟೋ ಎಂಬ ಅನುಮಾನ ಬಂದಾಗ ಇನ್ನೊಮ್ಮೆ ನೋಡಿದೆ. ಗೆರೆ ನಲವತ್ತರಲ್ಲಿ ಮುರಿಯಿತು. ಗ್ರಾಫನ್ನು ದೇಸಾಯಿಯವರ ಮೇಜಿನ ಮೇಲಿಟ್ಟೆ. ಅವರು ನೋಡಿ, "ಈಗ ಇದನ್ನ ತಗೊಂಡು ಏನ್ ಮಾಡ್ಲಿ?" ಎಂದು ವಾಪಸು ಕೊಟ್ಟರು. ಅವತ್ತಾದರೂ ಹೇಳಬಹುದಿತ್ತು. ಅವರ ಮುಖ ನೋಡಿ ಇನ್ನೊಂದು ದಿನ ಎಂದುಕೊಂಡೆ. ಅಂಥ ಇನ್ನೊಂದು ದಿನಗಳನ್ನು ಅವರು ನಿವೃತ್ತರಾಗುವವರೆಗೆ ಎಣಿಸಿದೆ.

ಅಕ್ಟೋಬರಿನಲ್ಲಿ ಆ ಗ್ರಾಫನ್ನು ಸುರುಳಿ ಸುತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಮೇಡಂ ಅಲ್ಲಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯ ಜಗಲಿಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಇಟ್ಟುಕೊಂಡು ಕೂತಿದ್ದವರು ನನ್ನನ್ನು ನೋಡಿ ಎದ್ದು ಕುರ್ಚಿ ತಂದರು. ಗ್ರಾಫನ್ನು ಬಿಡಿಸಿ ತುಂಬಾ ಹೊತ್ತು ನೋಡಿದರು. ಮುರಿದ ಜಾಗದ ಮೇಲೆ ಬೆರಳಿಟ್ಟು, "ನಲವತ್ತು," ಎಂದರು. "ಒಳ್ಳೆಯ ಕೆಲಸ ಸಂಜೀವಣ್ಣ."

ಬಸ್ಸಿನಲ್ಲಿ ಕೂತು ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೇ ಹೊರಗೆ ಬಂತು. "ಅವತ್ತು ನಾನು ಹೇಳಬೇಕಿತ್ತು ಮೇಡಂ. ನನ್ನನ್ನು ಉಳಿಸಲಿಕ್ಕೆ ನೀವು ಹೆಸರು ಕೆಡಿಸಿಕೊಂಡ್ರಿ."

"ನಿಮ್ಮನ್ನು ಉಳಿಸಲಿಕ್ಕೆ ಹೇಳಿದ್ದು ಅಲ್ಲ," ಎಂದರು ಅವರು. "ಪ್ರಯೋಗ ನನ್ನದು, ನೀರು ಪರೀಕ್ಷೆ ಮಾಡಬೇಕಾದದ್ದು ನಾನು. ಅದಕ್ಕೆ ಹೇಳಿದೆ." ಗ್ರಾಫನ್ನು ಅಂಚಿಗೆ ಅಂಚು ಕೂಡಿಸಿ ಸುತ್ತಿದರು. "ಆದರೆ ನೀವು ಹೇಳ್ತೀರಿ ಅಂತ ಇತ್ತು ನನಗೆ. ಒಂದು ವಾರ ಬಂದು ಕೂತೆ. ಕಾಗದ ಕಟ್ಟಲಿಕ್ಕೆ ಅಷ್ಟು ದಿನ ಬೇಕಾ?"

ಒಳಗಿನಿಂದ ಅವರ ತಾಯಿ ಚಹಾ ತಂದರು. ಕುಡಿದೆ. ಐದು ಗಂಟೆಯ ಬಸ್ಸಿಗೆ ಹೊರಟೆ.